ಬೋರ್ ನೀರಿಗೆ ಸೋಪು ನೊರೆ ಬರಲ್ಲ, ಯಾಕೆ? ಕುದಿಸಿದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ?

ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ನಾನು ಮತ್ತು ನನ್ನ ಗೆಳತಿ ನೀರಿನ ಮೇಲೆ ಪ್ರಯೋಗ ಮಾಡಬೇಕು ಅಂತ ಇದ್ದೇವೆ. ನಮ್ಮ ಊರಿಗೆ ನಳದಲ್ಲಿ ತುಂಗಭದ್ರಾ ನೀರು ಬರುತ್ತದೆ. ಅದು ಬಾರದ ದಿನ ಬೋರ್ ನೀರೇ ಗತಿ. ಹೊಳೆ ನೀರಿನಲ್ಲಿ ಬಟ್ಟೆ ಒಗೆದರೆ ಸೋಪು ಬೇಗ ನೊರೆ ಕೊಡುತ್ತದೆ. ಬೋರ್ ನೀರಿನಲ್ಲಿ ಎಷ್ಟು ತಿಕ್ಕಿದರೂ ನೊರೆ ಇಲ್ಲ, ಬಕೆಟ್ ಮೇಲೆ ಬಿಳಿ ಕೆನೆಯಂಥದ್ದು ತೇಲುತ್ತದೆ. ಗಡಸು ನೀರು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ನೀರು ಅಂತ ಓದಿದ್ದೇನೆ. ಆದರೆ ಅವು ಸೋಪಿಗೆ ಏನು ಮಾಡುತ್ತವೆ?

ಇನ್ನೊಂದು. ಯಾವ ನೀರಾದರೂ ಕುದಿಸಿದರೆ ಒಳ್ಳೆಯದಾಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ಅದು ನಿಜವಾ? ನಮ್ಮ ಹತ್ತಿರ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ತೋರಿಸುವ ಸಾಧನ) ಇದೆ. ಅದರಿಂದ ಗಡಸುತನ ಅಳೆಯಬಹುದಾ?

ವಿಜ್ಞಾನ ಶಿಕ್ಷಕಿ, ಹಾವೇರಿ

ತುಂಬಾ ಒಳ್ಳೆಯ ಪ್ರಶ್ನೆ ಪುಟ್ಟಿ. ಮೊದಲು ಸೋಪಿನಿಂದ ಶುರು ಮಾಡೋಣ.

ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾ ಜೊತೆ ಕಾಯಿಸಿದರೆ ಸೋಪು ಬರುತ್ತದೆ, ಜೊತೆಗೆ ಗ್ಲಿಸರಿನ್ ಕೂಡ. ಸೋಪು ಅಂದರೆ ಉದ್ದ ಸರಪಳಿಯ ಆಮ್ಲದ ಸೋಡಿಯಂ ಲವಣ. ಸೋಡಿಯಂ ಸ್ಟಿಯರೇಟ್ ಅಂತ ಒಂದನ್ನು ಉದಾಹರಣೆಗೆ ಇಟ್ಟುಕೋ. ಅದರ ಒಂದು ತುದಿ ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವ ಉದ್ದ ಬಾಲ. ಆ ಬಾಲ ಎಣ್ಣೆ, ಜಿಡ್ಡಿನ ಜೊತೆ ಸೇರುತ್ತದೆ, ನೀರಿನಿಂದ ದೂರ ಇರುತ್ತದೆ. ಇನ್ನೊಂದು ತುದಿಗೆ ಋಣ ವಿದ್ಯುದಂಶ ಇದೆ, ಅದು ನೀರನ್ನು ಇಷ್ಟಪಡುತ್ತದೆ. ಬಾಲಗಳು ಜಿಡ್ಡಿನೊಳಗೆ ನುಗ್ಗಿ, ತಲೆಗಳು ಹೊರಗೆ ನೀರಿನ ಕಡೆ ನಿಂತು ಒಂದು ಗುಂಡು ಆಗುತ್ತದೆ. ಅದೇ ಮಿಸೆಲ್. ಆ ಗುಂಡು ನೀರಿನ ಜೊತೆ ಹರಿದು ಹೋದಾಗ ಬಟ್ಟೆಯ ಕೊಳೆ ಹೋಗುತ್ತದೆ.

ಈಗ ನೀರಿನಲ್ಲಿ ಕ್ಯಾಲ್ಸಿಯಂ ಅಯಾನು, ಅಂದರೆ ವಿದ್ಯುದಂಶ ಇರುವ ಕ್ಯಾಲ್ಸಿಯಂ ಕಣ, ಇದೆ ಅಂದುಕೋ. ಸೋಡಿಯಂಗೆ ಒಂದು ಧನ ವಿದ್ಯುದಂಶ, ಕ್ಯಾಲ್ಸಿಯಂಗೆ ಎರಡು. ಹಾಗಾಗಿ ಒಂದು ಕ್ಯಾಲ್ಸಿಯಂ ಎರಡು ಸೋಪಿನ ತಲೆಗಳನ್ನು ಹಿಡಿದುಕೊಳ್ಳುತ್ತದೆ:

ಸೋಡಿಯಂ ಸ್ಟಿಯರೇಟ್ (2) + ಕ್ಯಾಲ್ಸಿಯಂ ಅಯಾನು (1) → ಕ್ಯಾಲ್ಸಿಯಂ ಸ್ಟಿಯರೇಟ್ (1) + ಸೋಡಿಯಂ ಅಯಾನು (2)

ಕ್ಯಾಲ್ಸಿಯಂ ಸ್ಟಿಯರೇಟ್ ನೀರಿನಲ್ಲಿ ಕರಗುವುದಿಲ್ಲ. ನಿನ್ನ ಬಕೆಟ್ ಮೇಲೆ ತೇಲುವ ಬಿಳಿ ಕೆನೆ ಅದೇ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ಮುಗಿಯುವ ತನಕ ನೀನು ಹಾಕಿದ ಸೋಪು ಹೀಗೇ ಖರ್ಚಾಗುತ್ತದೆ. ಆಮೇಲೆ ಹಾಕಿದ ಸೋಪು ಮಾತ್ರ ನೊರೆ ಕೊಡುತ್ತದೆ.

ಬಟ್ಟೆ ಪೌಡರ್‌ನಲ್ಲಿ ಈ ತೊಂದರೆ ಇಲ್ಲ. ಡಿಟರ್ಜೆಂಟಿನ ತಲೆಯಲ್ಲಿ ಸಲ್ಫೊನೇಟ್ ಇರುತ್ತದೆ, ಅದರ ಕ್ಯಾಲ್ಸಿಯಂ ಲವಣ ಸೋಪಿನ ಹಾಗೆ ಗಟ್ಟಿಯಾಗಿ ಬೇರ್ಪಡುವುದಿಲ್ಲ. ಆದ್ದರಿಂದ ನಿಮ್ಮ ಪ್ರಯೋಗಕ್ಕೆ ಪೌಡರ್, ಶಾಂಪೂ, ಹ್ಯಾಂಡ್‌ವಾಶ್ ಬೇಡ. ಕಾಗದದ ಮೇಲೆ ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ) ಶೇಕಡಾ ಎಷ್ಟು ಅಂತ ಬರೆದಿರುವ ನಿಜವಾದ ಸೋಪನ್ನೇ ತೆಗೆದುಕೊಳ್ಳಿ.

ಕುದಿಸುವ ವಿಷಯ ಸಂಜೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಜಾಗ ಬೇಕು.

ಪ್ಲಂಬರ್, ಹುಬ್ಬಳ್ಳಿ

ಮೇಡಂ, ಬೋರ್ ನೀರಿನ ಮನೆಗಳಲ್ಲಿ ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಬಿಳಿ ಗಾರೆ ಥರ ಕೂತಿರುತ್ತದೆ. ಮಲಪ್ರಭಾ ನೀರು ಮಾತ್ರ ಬಳಸುವ ಮನೆಗಳಲ್ಲಿ ಅಷ್ಟು ಇರಲ್ಲ. ಸೋಲಾರ್ ಪೈಪ್ ಕೂಡ ಹೀಗೇ ಕಟ್ಟಿಕೊಳ್ಳುತ್ತದೆ. ಇದೂ ಅದೇ ಕ್ಯಾಲ್ಸಿಯಂ ಅಲ್ವಾ? ತಣ್ಣೀರಿನ ಪೈಪಿನಲ್ಲಿ ಯಾಕೆ ಅಷ್ಟು ಕೂರಲ್ಲ?

ವಿಜ್ಞಾನ ಶಿಕ್ಷಕಿ, ಹಾವೇರಿ

ಅಣ್ಣಾ, ನಾನು ಕುದಿಸುವ ಬಗ್ಗೆ ಹೇಳಬೇಕು ಅಂದುಕೊಂಡದ್ದಕ್ಕೆ ಸರಿಯಾದ ಸಾಕ್ಷಿ ನೀವೇ ಕೊಟ್ಟಿದ್ದೀರಿ.

ಮಳೆ ನೀರು ಬೀಳುವಾಗ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಕರಗುತ್ತದೆ. ಮಣ್ಣಿನೊಳಗೆ ಇಳಿಯುವಾಗ ಇನ್ನೂ ಜಾಸ್ತಿ ಸೇರುತ್ತದೆ, ಯಾಕೆಂದರೆ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಅಲ್ಲಿ ಉಸಿರಾಡುತ್ತವೆ. ನೀರು ತುಸು ಹುಳಿಯಾಗುತ್ತದೆ, ಅಂದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ನಮ್ಮ ಎರೆ ಹೊಲ ಅಗೆದರೆ ಒಳಗೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಅವು ಕ್ಯಾಲ್ಸಿಯಂ ಕಾರ್ಬೊನೇಟ್. ಸಾದಾ ನೀರಿನಲ್ಲಿ ಅವು ಕರಗುವುದು ತೀರಾ ಕಡಿಮೆ. ಈ ಹುಳಿ ನೀರಿನಲ್ಲಿ ಮಾತ್ರ ಕರಗುತ್ತವೆ:

ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು + ಕಾರ್ಬನ್ ಡೈಆಕ್ಸೈಡ್ ⇌ ಕ್ಯಾಲ್ಸಿಯಂ ಬೈಕಾರ್ಬೊನೇಟ್

ಎರಡೂ ಕಡೆ ಬಾಣ ಹಾಕಿದ್ದೇನೆ, ನೋಡಿ. ಇಡೀ ವಿಷಯ ಅಲ್ಲಿದೆ. ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಕ್ರಿಯೆ ಹಿಂದಕ್ಕೆ ತಿರುಗುತ್ತದೆ, ಕಾರ್ಬೊನೇಟ್ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಬಿಸಿ ಎಲ್ಲಿ ಜಾಸ್ತಿಯೋ ಅಲ್ಲೇ ಮೊದಲು ಕೂರುತ್ತದೆ. ಗೀಸರಿನ ಕಾಯಿಲ್, ಸೋಲಾರ್ ಪೈಪ್, ಬಚ್ಚಲು ಮನೆಯ ಹಂಡೆ. ತಣ್ಣೀರಿನ ಪೈಪಿನಲ್ಲಿ ಅನಿಲ ಹೊರಗೆ ಹೋಗಲು ಕಾರಣವೇ ಇಲ್ಲ.

ಕುದಿಸಿದಾಗ ಹೋಗುವ ಇದನ್ನು ತಾತ್ಕಾಲಿಕ ಗಡಸುತನ ಅನ್ನುತ್ತೇವೆ. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ರೂಪದಲ್ಲೋ ಕ್ಲೋರೈಡ್ ರೂಪದಲ್ಲೋ ಇದ್ದರೆ ಕುದಿಸಿದರೂ ಹೋಗಲ್ಲ. ಅಲ್ಲಿ ಹೊರಗೆ ಹೋಗುವ ಅನಿಲವೇ ಇಲ್ಲವಲ್ಲ. ಅದು ಶಾಶ್ವತ ಗಡಸುತನ. ಹೆಚ್ಚಿನ ಬೋರ್‌ಗಳಲ್ಲಿ ಎರಡೂ ಬೆರೆತಿರುತ್ತವೆ. ಹೀಗಾಗಿ ಕುದಿಸಿದ ಮೇಲೆ ನೊರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ.

ಪುಟ್ಟಿ, ಇದನ್ನು ಬರೀ ಸಮೀಕರಣವಾಗಿ ಬಾಯಿಪಾಠ ಮಾಡಬೇಡ. ಗಡಸು ನೀರನ್ನು ನೀನೇ ತಯಾರು ಮಾಡಬಹುದು. ಎಲೆ ಅಡಿಕೆ ಸುಣ್ಣ ಚಿಟಿಕೆಯಷ್ಟು ಒಂದು ಬಾಟಲಿ ನೀರಿಗೆ ಹಾಕಿ ಕುಲುಕು, ರಾತ್ರಿ ಬಿಡು. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೋ. ಸುಣ್ಣ ಲೀಟರಿಗೆ ಎರಡು ಗ್ರಾಂ ಕೂಡ ಕರಗಲ್ಲ, ಆದರೂ ಆ ತಿಳಿ ಸಾಕು. ಅದಕ್ಕೆ ನಾಲ್ಕು ಪಟ್ಟು ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಆಸಿಡ್ ಅಲ್ಲ) ಸೇರಿಸು. ಇನ್ನೊಂದು ಬಾಟಲಿಯಲ್ಲಿ ಅಡುಗೆ ಸೋಡಾಗೆ ಲಿಂಬೆ ರಸ ಹಾಕಿ, ಬರುವ ಅನಿಲವನ್ನು ಸಣ್ಣ ಪೈಪಿನಲ್ಲಿ ಈ ತಿಳಿಯೊಳಗೆ ಬಿಡು. ಮೊದಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಿಲ್ಲಿಸಬೇಡ, ಬಿಡುತ್ತಾ ಹೋಗು. ಬಿಳಿ ಕರಗಿ ನೀರು ತಿಳಿಯಾಗುತ್ತದೆ. ಈಗ ನಿನ್ನ ಕೈಯಲ್ಲಿರುವುದು ಗಡಸು ನೀರು. ಆ ತಿಳಿಯನ್ನು ಕುದಿಸು, ಮತ್ತೆ ಬೆಳ್ಳಗಾಗುತ್ತದೆ.

ತುಂಬಾ ಮಕ್ಕಳು ಮೊದಲ ಬಿಳಿ ಬಂದ ಕೂಡಲೇ ಪ್ರಯೋಗ ಮುಗಿಸಿಬಿಡುತ್ತಾರೆ. ನಿಜವಾದ ಪಾಠ ಅದರ ನಂತರದ್ದು. ನೀರು ಸೇರಿಸಿ ತೆಳು ಮಾಡದಿದ್ದರೆ ಆ ಎರಡನೇ ಹಂತ ಸರಿಯಾಗಿ ಬರುವುದಿಲ್ಲ. ಸುಣ್ಣ ಜಾಸ್ತಿ ಇದ್ದರೆ ಎಷ್ಟು ಅನಿಲ ಬಿಟ್ಟರೂ ಎಲ್ಲ ಕರಗಲ್ಲ.

ಅನಿಲ ಬರುವ ಬಾಟಲಿಯ ದಾರಿ ಮುಚ್ಚಬೇಡ, ಒತ್ತಡ ಏರುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದ ಹಾಗೆ ನೋಡಿಕೋ.

ಗೃಹಿಣಿ, ಧಾರವಾಡ

ಮೇಡಂ, ಇದರ ಮಧ್ಯೆ ಅಡುಗೆ ಮನೆಯ ಮಾತು ಕೇಳಬಹುದಾ? ಬೋರ್ ನೀರಿನಲ್ಲಿ ಬೇಳೆ ಬೇಯಲ್ಲ. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಕಾಳು ಕಾಳಾಗಿಯೇ ಇರುತ್ತದೆ. ಸೋಡಾ ಹಾಕಿದರೆ ಬೇಯುತ್ತದೆ. ಇದಕ್ಕೂ ಕ್ಯಾಲ್ಸಿಯಮ್ಮೇ ಕಾರಣವಾ?

ಎಂಎಸ್ಸಿ ಕೆಮಿಸ್ಟ್ರಿ, ಧಾರವಾಡ

ಹೌದು ಅಕ್ಕಾ, ಅದೇ ಕ್ಯಾಲ್ಸಿಯಂ. ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ವಸ್ತುವಿನ ಹೆಸರು ಪೆಕ್ಟಿನ್. ಕ್ಯಾಲ್ಸಿಯಂ ಎರಡು ಪೆಕ್ಟಿನ್ ಎಳೆಗಳನ್ನು ಸೇರಿಸಿ ಬಿಗಿ ಮಾಡುತ್ತದೆ. ಬಿಗಿಯಾದ ಪೆಕ್ಟಿನ್ ಬೇಗ ಕರಗಲ್ಲ, ಬೇಳೆ ಒಡೆಯಲ್ಲ. ಸೋಡಾ ನೀರನ್ನು ಕ್ಷಾರ ಮಾಡಿ ಪೆಕ್ಟಿನ್ ಒಡೆಯಲು ಸಹಾಯ ಮಾಡುತ್ತದೆ. ಆದರೆ ಕ್ಷಾರದಲ್ಲಿ ಬೇಯಿಸಿದರೆ ಬಿ1 ಜೀವಸತ್ವ ಹಾಳಾಗುತ್ತದೆ. ಬೇಳೆಗೆ ಮಾತ್ರ ಹೊಳೆ ನೀರು ಅಥವಾ ಕುದಿಸಿ ಆರಿಸಿ ಮೇಲಿನ ತಿಳಿ ಬಗ್ಗಿಸಿದ ನೀರು ಬಳಸುವುದು ಒಳ್ಳೆಯದು. ಹುಣಸೆ ಹುಳಿಯನ್ನೂ ಬೇಳೆ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೂ ಬೇಳೆ ಗಟ್ಟಿಯಾಗಿ ಉಳಿಯುತ್ತದೆ.

ಪಿಯುಸಿ ಸೈನ್ಸ್, ಹುಬ್ಬಳ್ಳಿ

ಸರ್, ರಿಪೋರ್ಟುಗಳಲ್ಲಿ ಗಡಸುತನವನ್ನು ಯಾವಾಗಲೂ 'ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ' ಅಂತ ಬರೆಯುತ್ತಾರೆ. ನೀರಿನಲ್ಲಿ ಕಾರ್ಬೊನೇಟೇ ಇಲ್ಲದೆ ಸಲ್ಫೇಟ್ ಇದ್ದರೂ ಹಾಗೇ ಬರೆಯುತ್ತಾರಲ್ಲ, ಯಾಕೆ?

ಎಂಎಸ್ಸಿ ಕೆಮಿಸ್ಟ್ರಿ, ಧಾರವಾಡ

ಲೆಕ್ಕಕ್ಕೆ ಸುಲಭ ಅಂತ. ಪರಮಾಣು ತೂಕ ನೋಡಿ: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಕೂಡಿದರೆ ಸರಿಯಾಗಿ 100. ಮೋಲ್ ಅನ್ನುವುದು ಡಜನ್ ಹಾಗೆ ಕಣಗಳ ಒಂದು ನಿಗದಿತ ಎಣಿಕೆ; ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ಮೋಲ್ ಅಂದರೆ 100 ಗ್ರಾಂ. ಕ್ಯಾಲ್ಸಿಯಂ ಇರಲಿ, ಮೆಗ್ನೀಸಿಯಂ ಇರಲಿ, ಸೋಪಿನ ಮಟ್ಟಿಗೆ ಒಂದು ಅಯಾನು ಎರಡು ಸೋಪಿನ ಅಣುಗಳನ್ನು ತಿನ್ನುತ್ತದೆ. ಎರಡನ್ನೂ ಒಂದೇ ಅಳತೆಗೆ ತಂದರೆ ಕೂಡಿಸಬಹುದು.

ಮೋಲ್ ಅಂದರೆ ಮಕ್ಕಳು ಹೆದರುತ್ತಾರೆ. ಹತ್ತನೇ ಕ್ಲಾಸಿನವರಿಗೆ ಇದೆಲ್ಲ ಬೇಡ ಅನ್ನುವವರೂ ಇದ್ದಾರೆ. ನಾನು ಒಪ್ಪಲ್ಲ. ಒಂದು ಬಕೆಟ್ ನೀರಿನ ಲೆಕ್ಕ ಮಾಡಿಸಿ ನೋಡಿ, ತಾವೇ ಮುಂದೆ ಬರುತ್ತಾರೆ.

ಬೋರ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಅಂದುಕೊಳ್ಳಿ. ಬಕೆಟ್ 20 ಲೀಟರ್. ಅಂದರೆ ಒಟ್ಟು 10 ಗ್ರಾಂ. 100 ಗ್ರಾಂಗೆ ಒಂದು ಮೋಲ್ ಆದರೆ 10 ಗ್ರಾಂ ಅಂದರೆ 0.1 ಮೋಲ್. ಪ್ರತಿ ಕ್ಯಾಲ್ಸಿಯಂಗೆ ಎರಡು ಸೋಪು, ಹಾಗಾಗಿ ಸೋಪು 0.2 ಮೋಲ್. ಸೋಡಿಯಂ ಸ್ಟಿಯರೇಟ್ ಒಂದು ಮೋಲ್ ಸುಮಾರು 306 ಗ್ರಾಂ. 0.2ರಿಂದ ಗುಣಿಸಿದರೆ 61 ಗ್ರಾಂ. ಒಂದು ಬಕೆಟ್ ನೀರಿನಲ್ಲಿ ನೊರೆ ಶುರು ಆಗುವ ಮೊದಲೇ ಅಷ್ಟು ಸೋಪು ಬಿಳಿ ಕೆನೆಯಾಗಿ ಹೋಗಿರುತ್ತದೆ! 100 ಗ್ರಾಂ ಸೋಪಿನಲ್ಲಿ ಅರ್ಧಕ್ಕಿಂತ ಜಾಸ್ತಿ.

ಅದೇ ನೀರಿಗೆ ಮೊದಲು ವಾಷಿಂಗ್ ಸೋಡಾ ಹಾಕಿದರೆ? ಅದು ಸೋಡಿಯಂ ಕಾರ್ಬೊನೇಟ್. ಒಂದು ಕ್ಯಾಲ್ಸಿಯಂಗೆ ಒಂದೇ ಕಾರ್ಬೊನೇಟ್ ಸಾಕು. ಒಂದು ಮೋಲ್ 106 ಗ್ರಾಂ, ನಮಗೆ ಬೇಕಾದದ್ದು 0.1 ಮೋಲ್, ಅಂದರೆ ಹತ್ತೂವರೆ ಗ್ರಾಂ. ಹರಳಿನ ರೂಪದ್ದಾದರೆ ಅದರಲ್ಲಿ ಹತ್ತು ಅಣು ನೀರೂ ಸೇರಿರುವುದರಿಂದ ಸುಮಾರು 29 ಗ್ರಾಂ. ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಮೇಲಿನ ನೀರಿನಲ್ಲಿ ಸೋಪು ನೊರೆ ಬರುತ್ತದೆ. ಬೈಕಾರ್ಬೊನೇಟ್ ಇರಲಿ, ಸಲ್ಫೇಟ್ ಇರಲಿ, ಕ್ಯಾಲ್ಸಿಯಂನ ಎರಡೂ ಗಡಸುತನಕ್ಕೆ ಇದು ಆಗುತ್ತದೆ. ಮೆಗ್ನೀಸಿಯಂ ಇಷ್ಟು ಸಲೀಸಾಗಿ ಕೂರಲ್ಲ, ಅದಕ್ಕೆ ನೀರು ಇನ್ನೂ ಕ್ಷಾರವಾಗಿರಬೇಕು. ಅಡುಗೆ ಸೋಡಾ ತಣ್ಣೀರಿಗೆ ಹಾಕಿದರೆ ಮಾತ್ರ ಈ ಕೆಲಸ ಆಗಲ್ಲ, ಅದರಲ್ಲಿರುವುದು ಬೈಕಾರ್ಬೊನೇಟ್. ವಾಷಿಂಗ್ ಸೋಡಾ ಹಾಕಿದ ನೀರು ಬಟ್ಟೆಗೆ ಮಾತ್ರ. ಕುಡಿಯಲು, ಅಡುಗೆಗೆ ಬೇಡ.

ವಿಜ್ಞಾನ ಶಿಕ್ಷಕಿ, ಹಾವೇರಿ

ಈ ಲೆಕ್ಕವನ್ನು ನಾಳೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ ಸರ್. ಒಂದು ಮಾತು ಸೇರಿಸಲಾ? ಸುಣ್ಣದಿಂದ ಬಂದ ತಾತ್ಕಾಲಿಕ ಗಡಸುತನವನ್ನು ಸುಣ್ಣದಿಂದಲೇ ತೆಗೆಯಬಹುದು. ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಲೆಕ್ಕ ಹಾಕಿ ಸುಣ್ಣ ಸೇರಿಸಿದರೆ ಬೈಕಾರ್ಬೊನೇಟೆಲ್ಲ ಕಾರ್ಬೊನೇಟ್ ಆಗಿ ಕೂರುತ್ತದೆ. ಕ್ಯಾಲ್ಸಿಯಂ ಸೇರಿಸಿ ಕ್ಯಾಲ್ಸಿಯಂ ತೆಗೆಯುವುದು ಹೇಗೆ ಅಂತ ಮಕ್ಕಳನ್ನು ಕೇಳಿದರೆ ಒಳ್ಳೆಯ ಚರ್ಚೆ ಆಗುತ್ತದೆ.

ರೈತ, ಮುಂಡರಗಿ ಕಡೆ

ನಮಸ್ಕಾರ ರೀ. ನಾನು ಓದಿದ್ದು ಕಡಿಮೆ, ಆದರೆ ಇದನ್ನು ಪೂರ್ತಿ ಓದಿದೆ. ನನ್ನ ಪ್ರಶ್ನೆ ಬೇರೆ. ನಮ್ಮ ಹೊಲದ ಬೋರ್ ನೀರಿನಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆ. ಕುಡಿಯಲೂ ಸಿಹಿ. ಬೇಳೆನೂ ಬೇಯುತ್ತದೆ. ಆದರೆ ಈ ಭಾಗದಲ್ಲಿ ಫ್ಲೋರೈಡ್ ಇದೆ ಅಂತ ಎಲ್ಲರೂ ಹೇಳುತ್ತಾರೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತವೆ. ನೀರು ಇಷ್ಟು ಚೆನ್ನಾಗಿದ್ದರೂ ಫ್ಲೋರೈಡ್ ಇರುತ್ತದಾ? ಕುದಿಸಿ ಕುಡಿದರೆ ಆಗುತ್ತದಾ?

ಎಂಎಸ್ಸಿ ಕೆಮಿಸ್ಟ್ರಿ, ಧಾರವಾಡ

ಅಣ್ಣಾವ್ರೇ, ದಯವಿಟ್ಟು ಆ ನೀರು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಸೋಪಿನ ಜೊತೆ ಅದು ಜಗಳ ಮಾಡಲ್ಲ. ಹೀಗಾಗಿ ನೊರೆ ನೋಡಿ ಏನೂ ಹೇಳಲು ಆಗಲ್ಲ. ಇನ್ನೂ ಮುಖ್ಯವಾದ ವಿಷಯ ಒಂದಿದೆ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಲೀಟರಿಗೆ ಹದಿನಾರು ಮಿಲಿಗ್ರಾಂ ಆಸುಪಾಸು. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಒಂದು ಮಟ್ಟಕ್ಕಿಂತ ಮೇಲೆ ಏರಲು ಕಷ್ಟ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇರುವ ಮೆದು ನೀರಿನಲ್ಲಿ ಆ ತಡೆ ಇಲ್ಲ. ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಸಲೀಸಾಗಿ ಇಳಿಯುತ್ತದೆ. ಅಂದರೆ ನೊರೆ ಚೆನ್ನಾಗಿ ಬರುವ ಬೋರ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವುದು ಹಲವು ಕಡೆ ಕಂಡಿದೆ. ಹಾಗಂತ ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ಗಡಸು ನೀರಿನಲ್ಲೂ ಫ್ಲೋರೈಡ್ ಮಿತಿ ದಾಟಿರಬಹುದು.

ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇದ್ದ ನೀರನ್ನು ಕಾಯಿಸಿ ಅರ್ಧಕ್ಕೆ ಇಳಿಸಿದರೆ ಅದು 3ರ ಹತ್ತಿರ ಹೋಗುತ್ತದೆ. ಕುದಿಸುವುದು ರೋಗಾಣುಗಳನ್ನು ಕೊಲ್ಲಲು. ಅದರಲ್ಲಿ ಎರಡು ಮಾತಿಲ್ಲ, ಮಳೆಗಾಲದಲ್ಲಿ ಕುದಿಸಿಯೇ ಕುಡಿಯಬೇಕು. ಆದರೆ ಕುದಿಸುವುದರಿಂದ ಎಲ್ಲಾ ಹೋಗುತ್ತದೆ ಅನ್ನುವ ನಂಬಿಕೆ ಫ್ಲೋರೈಡ್ ಇರುವ ಊರಿನಲ್ಲಿ ಮಕ್ಕಳ ಹಲ್ಲು, ಮೂಳೆಗೆ ಕೇಡು ತರುತ್ತದೆ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಗಡಸುತನಕ್ಕೆ ಇದೇ ಅಂಕಿಗಳು 200 ಮತ್ತು 600. ಟಿಡಿಎಸ್‌ಗೆ 500 ಮತ್ತು 2000. ಸಾವಿರದ ಲೆಕ್ಕದ ಟಿಡಿಎಸ್ ಪಕ್ಕದಲ್ಲಿ ಒಂದೂವರೆ ಮಿಲಿಗ್ರಾಂ ಫ್ಲೋರೈಡ್ ಎಷ್ಟು ಚಿಕ್ಕದು, ನೋಡಿ. ಮೀಟರಿಗೆ ಅದು ಕಾಣುವುದೇ ಇಲ್ಲ.

ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್‌ನಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟಿದ್ದಾರೆ, ಅದರಲ್ಲಿ ಫ್ಲೋರೈಡ್ ನೋಡಬಹುದು. ಪಕ್ಕಾ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಕೊಡಿ. ಜಾಸ್ತಿ ಬಂದರೆ ಆರ್‌ಒ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಕುಡಿಯಲು, ಅಡುಗೆಗೆ ಬಳಸಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ನಡೆಯುತ್ತದೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ಅಂತ ಒಂದಿದೆ. ನಾಗಪುರದ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಸಂಸ್ಥೆಯವರು ರೂಪಿಸಿದ್ದು. ಅದಕ್ಕೆ ಪ್ರತಿ ನೀರಿಗೂ ಬೇರೆ ಅಳತೆ ಬೇಕು. ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ.

ರೈತ, ಮುಂಡರಗಿ ಕಡೆ

ಸೋಮವಾರವೇ ಪಂಚಾಯಿತಿಗೆ ಹೋಗುತ್ತೇನೆ ರೀ.

ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಗದಗ ಜಿಲ್ಲೆ

ಹಾಗಾದರೆ ಟಿಡಿಎಸ್ ಮೀಟರ್ ನಮ್ಮ ಪ್ರಯೋಗಕ್ಕೆ ಬೇಡವಾ ಸರ್?

ಎಂಎಸ್ಸಿ ಕೆಮಿಸ್ಟ್ರಿ, ಧಾರವಾಡ

ಬೇಕು ತಂಗಿ, ಆದರೆ ಅದು ಏನು ಅಳೆಯುತ್ತದೆ ಅಂತ ತೋರಿಸಲು ಬೇಕು. ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಮಾತ್ರ. ಅಯಾನು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ. ಅದನ್ನು ಒಂದು ಅಂಕಿಯಿಂದ ಗುಣಿಸಿ ಮಿಲಿಗ್ರಾಂ ಅಂತ ತೋರಿಸುತ್ತದೆ. ಸಂತೆಯ ಬಾಗಿಲಲ್ಲಿ ನಿಂತು ತಲೆ ಎಣಿಸಿದ ಹಾಗೆ, ಒಳಗೆ ಹೋದವರು ಯಾವ ಊರಿನವರು ಅಂತ ಗೊತ್ತಾಗಲ್ಲ.

ಎರಡು ಬಾಟಲಿ ಬ್ಯಾಟರಿ ನೀರು ತಗೋ. ಒಂದಕ್ಕೆ ಲೀಟರಿಗೆ ಒಂದು ಗ್ರಾಂ ಅಡುಗೆ ಉಪ್ಪು, ಇನ್ನೊಂದಕ್ಕೆ ಒಂದು ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಉಪ್ಪಿನ ನೀರಿನಲ್ಲಿ ಮೀಟರ್ ಸಾವಿರದ ಆಸುಪಾಸು ಹೋಗುತ್ತದೆ, ಆದರೂ ಸೋಪು ನೊರೆ ಕೊಡುತ್ತದೆ. ಇನ್ನೊಂದರಲ್ಲಿ ಮೀಟರ್ ಅದಕ್ಕಿಂತ ಕಡಿಮೆ ತೋರಿಸುತ್ತದೆ, ಆದರೆ ಸೋಪು ಕೆನೆಗಟ್ಟುತ್ತದೆ. ಅದನ್ನು ಕುದಿಸಿದರೂ ಬದಲಾಗಲ್ಲ, ಅದು ಶಾಶ್ವತ ಗಡಸುತನ. ಉಪ್ಪು ಮುಷ್ಟಿಗಟ್ಟಲೆ ಹಾಕಬೇಡ. ತುಂಬಾ ಉಪ್ಪಿದ್ದರೆ ಸೋಪು ಬೇರೆ ಕಾರಣಕ್ಕೆ ಬೇರ್ಪಡುತ್ತದೆ.

ಪ್ಲಂಬರ್, ಹುಬ್ಬಳ್ಳಿ

ಗೀಸರ್ ಕಾಯಿಲ್ ತೊಳೆಯಲು ಕೆಲವರು ಬಾತ್‌ರೂಮ್ ಆಸಿಡ್ ಬಳಸುತ್ತಾರೆ. ನಾನು ಸಿಟ್ರಿಕ್ ಆಸಿಡ್ ಪುಡಿ ಬಿಸಿ ನೀರಿಗೆ ಹಾಕಿ ಬಿಡುತ್ತೇನೆ. ಗುಳ್ಳೆ ಬಂದು ಗಾರೆ ಕರಗುತ್ತದೆ. ಇದು ಸರಿನಾ?

ವಿಜ್ಞಾನ ಶಿಕ್ಷಕಿ, ಹಾವೇರಿ

ನಿಮ್ಮ ದಾರಿಯೇ ಸರಿ ಅಣ್ಣಾ. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಅದು ಗಾರೆಯ ಜೊತೆ ಲೋಹವನ್ನೂ ತಿನ್ನುತ್ತದೆ. ಇನ್ನೊಂದು, ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಬೇಡ. ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ಇದನ್ನು ಓದುತ್ತಿರುವ ಮಕ್ಕಳೂ ಮನೆಯಲ್ಲಿ ಹೇಳಿ.

ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಗದಗ ಜಿಲ್ಲೆ

ನಾವು ಹೀಗೆ ಮಾಡಬೇಕು ಅಂತ ಇದ್ದೇವೆ. ಮಳೆ ನೀರು, ನಳದ ನೀರು, ಬೋರ್ ನೀರು, ಕುದಿಸಿ ಸೋಸಿದ ಬೋರ್ ನೀರು, ವಾಷಿಂಗ್ ಸೋಡಾ ಹಾಕಿ ಸೋಸಿದ ಬೋರ್ ನೀರು. ಐದಕ್ಕೂ ಸೋಪಿನ ನೀರನ್ನು ಹನಿ ಹನಿಯಾಗಿ ಹಾಕಿ ಎಣಿಸುತ್ತೇವೆ. ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ ಮೇಡಂ.

ವಿಜ್ಞಾನ ಶಿಕ್ಷಕಿ, ಹಾವೇರಿ

ಒಂದೇ ಥರದ ಬಾಟಲಿ, ಒಂದೇ ಅಳತೆಯ ನೀರು, ಒಂದೇ ಡ್ರಾಪರ್. ಸೋಪಿನ ನೀರನ್ನು ಬ್ಯಾಟರಿ ನೀರಿನಲ್ಲಿ ಒಂದೇ ಸಲ ತಯಾರಿಸಿಕೊಳ್ಳಿ, ಮಧ್ಯದಲ್ಲಿ ಬದಲಾಯಿಸಬೇಡಿ. ಪ್ರತಿ ಸಲ ಕೆಲವು ಹನಿ ಹಾಕಿ, ಮುಚ್ಚಿ, ಜೋರಾಗಿ ಕುಲುಕಿ, ಬಾಟಲಿಯನ್ನು ಅಡ್ಡ ಮಲಗಿಸಿ. ನೊರೆ ಎರಡು ನಿಮಿಷ ಒಡೆಯದೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಮೊದಲು ಬ್ಯಾಟರಿ ನೀರಿಗೆ ಎಷ್ಟು ಹನಿ ಬೇಕು ಅಂತ ನೋಡಿ, ಅದನ್ನು ಉಳಿದ ಎಲ್ಲದರಿಂದ ಕಳೆಯಿರಿ. ಪ್ರತಿಯೊಂದನ್ನೂ ಮೂರು ಸಲ ಮಾಡಿ, ಮೂರೂ ಅಂಕಿಗಳನ್ನು ಚಾರ್ಟಿನಲ್ಲಿ ತೋರಿಸಿ.

ಬೋರ್ ನೀರಿನ ಹನಿಗಳಿಂದ ಕುದಿಸಿದ ನೀರಿನ ಹನಿಗಳನ್ನು ಕಳೆದರೆ ಬರುವುದು ತಾತ್ಕಾಲಿಕ ಗಡಸುತನದ ಪಾಲು. ಕುದಿಸಿದ ಮೇಲೂ ಬೇಕಾದ ಹನಿಗಳು ಶಾಶ್ವತದ ಪಾಲು.

ಎಂಎಸ್ಸಿ ಕೆಮಿಸ್ಟ್ರಿ, ಧಾರವಾಡ

ಕುದಿಸಿದಾಗ ನೀರು ಕಡಿಮೆ ಆಗಿರುತ್ತದೆ. ಸೋಸಿದ ಮೇಲೆ ಬ್ಯಾಟರಿ ನೀರು ಸೇರಿಸಿ ಮೊದಲಿನ ಅಳತೆಗೆ ತರಬೇಕು, ಇಲ್ಲದಿದ್ದರೆ ಶಾಶ್ವತದ ಪಾಲು ಜಾಸ್ತಿ ತೋರಿಸುತ್ತದೆ. ಹತ್ತಿರದ ಕಾಲೇಜಿನಲ್ಲಿ ಇಡಿಟಿಎ ಟೈಟ್ರೇಷನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಅಳೆದು ಹಾಕುವ ಪರೀಕ್ಷೆ) ಮಾಡಿಸಿ ನಿಮ್ಮ ಹನಿಗಳ ಲೆಕ್ಕದ ಪಕ್ಕ ಇಡಿ. ಅದರಲ್ಲಿ ದ್ರಾಕ್ಷಿ ಕೆಂಪು ಬಣ್ಣ ನೀಲಿಗೆ ತಿರುಗಿದಾಗ ನಿಲ್ಲಿಸುತ್ತಾರೆ. 0.01 ಮೋಲಾರ್ (ಲೀಟರಿಗೆ 0.01 ಮೋಲ್) ದ್ರಾವಣವಾದರೆ ಪ್ರತಿ ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಗಡಸುತನ. 50 ಮಿಲಿಲೀಟರ್ ನೀರಿಗೆ 20 ಮಿಲಿಲೀಟರ್ ಖರ್ಚಾದರೆ ಲೀಟರಿಗೆ 400.